ಕಾಯುವ ಕೈಯೂ ದುಡಿಯುವ ಕೈಯೂ

ಗಣಕಯಂತ್ರವು ಇಂದು ತಾಲ್ಲೂಕು ಕಚೇರಿ, ಬ್ಯಾಂಕು, ಶಾಲೆ, ಅಂಗಡಿಗಳಲ್ಲೆಲ್ಲಾ ನೆಲಸಿರುವುದರಿಂದ ಅದರ ಪರಿಚಯವಿಲ್ಲದವರು ವಿರಳ. ಅದನ್ನು ಉಪಯೋಗಿಸಿದವರೆಲ್ಲರೂ ಒಂದು ಸಂಗತಿಯನ್ನು ಕಂಡೇ ಇರುವರು. ಪರದೆಯ ಮೇಲಿನ ಗುಂಡಿಯೊಂದನ್ನು ಒತ್ತುತ್ತೇವೆ, ಏನೂ ನಡೆಯುವುದಿಲ್ಲ. ಮತ್ತೊಮ್ಮೆ ಒತ್ತುತ್ತೇವೆ, ಆಗಲೂ ಇಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿಯೆಲ್ಲವೂ ಮಬ್ಬಾಗಿ, ಇದು ಪ್ರತಿಕ್ರಿಯಿಸುತ್ತಿಲ್ಲವೆಂಬ ಮಾತು ಅದರ ನೆತ್ತಿಯ ಮೇಲೆ ಕಾಣಿಸುವುದು. ತಾಳ್ಮೆಗೆಟ್ಟವರು ಆಗ ಆ ತಂತ್ರಾಂಶವನ್ನು ಬಲಾತ್ಕಾರದಿಂದ ಮುಚ್ಚುವರು, ಇಲ್ಲವೆ ಯಂತ್ರವನ್ನೇ ಆರಿಸಿಬಿಡುವರು. ಅಷ್ಟು ಹೊತ್ತು ಬರೆದು, ಇನ್ನೂ ಉಳಿಸದೆ ಇದ್ದುದೆಲ್ಲವೂ ಆಗ ನಷ್ಟವಾಗುವುದು. ವಿಚಾರಿಸಿ ನೋಡಿದರೆ, ಅನೇಕ ವೇಳೆ ಆ ತಂತ್ರಾಂಶವು ಕೆಟ್ಟು ನಿಂತಿರಲಿಲ್ಲ. ಹೇಳಿದ ಕೆಲಸವನ್ನು ಶ್ರದ್ಧೆಯಿಂದಲೇ ಮಾಡುತ್ತಿತ್ತು. ಕರೆದವರಿಗೆ ‘ಓ’ ಎನ್ನಲು ಮಾತ್ರ ಅದಕ್ಕೆ ಬಿಡುವಿರಲಿಲ್ಲ.

ಈ ದೋಷವು ಏತರಿಂದ ಉಂಟಾಗುವುದು, ತಂತ್ರಾಂಶವನ್ನು ರಚಿಸುವವರು ಇದನ್ನು ಹೇಗೆ ನಿವಾರಿಸತಕ್ಕದ್ದು, ಎಂಬೀ ಎರಡು ವಿಷಯಗಳನ್ನು ಈ ಪಾಠದಲ್ಲಿ ವಿವರಿಸಲು ಯತ್ನಿಸುವೆವು. ಪೈಥಾನ್ ಮೊದಲಾದ ಭಾಷೆಗಳಲ್ಲಿ ಕ್ರಮವಿಧಿ ಬರೆಯಲು ಕಲಿಯುತ್ತಿರುವ ವಿದ್ಯಾರ್ಥಿನಿಯರಿಗೆ ಇದು ನೇರವಾಗಿ ಪ್ರಯೋಜನಕ್ಕೆ ಬಂದೀತು. ಉಳಿದವರಿಗೂ ತಮ್ಮ ಮುಂದಿರುವ ಯಂತ್ರದ ಅಂತರಂಗವು ಸ್ವಲ್ಪ ತಿಳಿದೀತು.

ಚರಕದ ದೃಷ್ಟಾಂತ

ದೂರದ ಉದಾಹರಣೆಯನ್ನು ಹುಡುಕಬೇಕಾದುದಿಲ್ಲ. ನಂದಿ ಬೆಟ್ಟದ ಸುತ್ತಣ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಸೀಮೆಯಲ್ಲಿ ಹಿಪ್ಪುನೇರಳೆಯ ತೋಟವನ್ನೂ ರೇಷ್ಮೆಯ ಗೂಡನ್ನೂ ನೋಡದೆ ಬೆಳೆದವರು ಯಾರು? ಶಿಡ್ಲಘಟ್ಟವಂತೂ ಗೂಡಿನ ಮಾರುಕಟ್ಟೆಗೂ ನೂಲು ಬಿಚ್ಚಾಣಿಕೆಗೂ ಹೆಸರಾದ ಊರು. ಆ ಕೆಲಸದ ಎರಡು ಪದ್ಧತಿಗಳನ್ನು ಇಲ್ಲಿ ನೆನೆಯೋಣ.

ಹಳೆಯ ಚರಕದ ಪದ್ಧತಿಯಲ್ಲಿ ಒಲೆಯ ಮೇಲಿನ ಒಂದೇ ಪಾತ್ರೆಯಲ್ಲಿ ಗೂಡು ಬೇಯುವುದೂ ನೂಲು ಬಿಚ್ಚುವುದೂ ನಡೆಯುವುವು. ಪಾತ್ರೆಯ ಮುಂದೆ ಕುಳಿತವರು ಗೂಡನ್ನು ಬೇಯಿಸಬೇಕು, ಎಳೆಯ ತುದಿಯನ್ನು ಹುಡುಕಿ ತೆಗೆಯಬೇಕು, ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ನೂಲು ಮಾಡಬೇಕು, ಮುಗಿದ ಗೂಡಿನ ಸ್ಥಳಕ್ಕೆ ಹೊಸದನ್ನು ಸೇರಿಸಬೇಕು, ಹರಿದರೆ ಗಂಟು ಹಾಕಬೇಕು. ಬೇಯಿಸುವ ಕಡೆಗೆ ಲಕ್ಷ್ಯವು ಹೋದರೆ ಬಿಚ್ಚುವ ನೂಲು ಕೆಡುವುದು. ಎಷ್ಟು ಗೂಡುಗಳ ಎಳೆ ಸೇರುತ್ತಿದೆಯೆಂಬ ಗಮನವು ತಪ್ಪಿದ ಕ್ಷಣದಲ್ಲಿಯೇ ನೂಲು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣವಾಗುವುದು.

ಇದರ ತರುವಾಯ ಬಂದ ಕಾಟೇಜ್ ಬೇಸಿನ್ನಿನ ಪದ್ಧತಿಯಲ್ಲಿ ಗೂಡನ್ನು ಬೇಯಿಸುವ ಪಾತ್ರೆಯೇ ಬೇರೆ, ನೂಲು ಬಿಚ್ಚುವ ಪಾತ್ರೆಯೇ ಬೇರೆ. ಬೇಯಿಸುವುದಕ್ಕೆ ಕುದಿಯುವ ನೀರು. ಬಿಚ್ಚುವುದಕ್ಕೆ ಅದಕ್ಕಿಂತ ಕಡಿಮೆ ಬಿಸಿಯ ನೀರು. ಬೆಂದ ಗೂಡನ್ನು ಬಿಚ್ಚುವವರ ಬಳಿಗೆ ತಂದೊದಗಿಸುವರಲ್ಲದೆ, ಬೇಯಿಸುವವರು ರಾಟೆಗೆ ಏರುತ್ತಿರುವ ನೂಲಿಗೆ ಕೈಹಾಕುವುದಿಲ್ಲ. ಹೀಗೆ ಬಿಚ್ಚುವವರ ಕಣ್ಣೂ ಕೈಯೂ ನೂಲಿನ ಮೇಲೆಯೇ ನಿಲ್ಲುವುವು. ಕೆಲಸವನ್ನು ಹಂಚಿದ್ದು ಒಂದು ಗುಣ. ಹಂಚಿದ ಮೇಲೆ ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈಯಾಡಿಸದೆ, ವಸ್ತುವನ್ನು ಗೊತ್ತಾದ ಸ್ಥಳದಲ್ಲಿ ಒಪ್ಪಿಸುವುದು ಅದಕ್ಕಿಂತಲೂ ದೊಡ್ಡ ಗುಣ. ಮುಂದೆ ಹೇಳುವುದೆಲ್ಲವೂ ಈ ಎರಡು ಗುಣಗಳ ವಿಸ್ತಾರವೇ ಆಗಿದೆ.

ಘಟನಾಚಕ್ರ

ಪರದೆಯ ಮೇಲೆ ಕಿಟಕಿಯೊಂದನ್ನು ತೆರೆದು ನಮ್ಮ ಅಪ್ಪಣೆಗಾಗಿ ಕಾದಿರುವ ತಂತ್ರಾಂಶವು ಒಳಗೆ ಮಾಡುತ್ತಿರುವುದೇನು? ಅದು ಒಂದು ಚಕ್ರದಲ್ಲಿ ಸುತ್ತುತ್ತಿರುವುದು. ಕೀಲಿಯನ್ನು ಒತ್ತಿದುದು, ಮೌಸು ಸರಿದುದು, ಗುಂಡಿಯನ್ನು ತಟ್ಟಿದುದು, ಮುಚ್ಚಿಹೋಗಿದ್ದ ಕಿಟಕಿಯ ಭಾಗವನ್ನು ಪುನಃ ಬರೆಯಬೇಕಾದುದು, ಇವೆಲ್ಲವೂ ಘಟನೆಗಳು. ಇವು ಒಂದರ ಹಿಂದೊಂದು ಸರತಿಯ ಸಾಲಿನಲ್ಲಿ ನಿಲ್ಲುವುವು. ಚಕ್ರವು ಸಾಲಿನ ಮೊದಲನೆಯದನ್ನು ತೆಗೆದುಕೊಂಡು, ಅದಕ್ಕೆ ನೇಮಿಸಿರುವ ಕೆಲಸವನ್ನು ಮಾಡಿ ಮುಗಿಸಿ, ಪುನಃ ಸಾಲಿನ ಬಳಿಗೆ ಬರುವುದು. ಇದನ್ನೇ ಇವೆಂಟ್ ಲೂಪ್ ಎನ್ನುತ್ತಾರೆ. ನಾವು ಘಟನಾಚಕ್ರವೆಂದು ಕರೆಯೋಣ.

ಈ ಸಾಲಿನ ಕ್ರಮವು ಎಷ್ಟು ಮುಖ್ಯವೆಂಬುದನ್ನು ಕನ್ನಡದಲ್ಲಿ ಬೆರಳಚ್ಚು ಮಾಡುವವರು ಚೆನ್ನಾಗಿ ಬಲ್ಲರು. ೧೯೯೮ರಲ್ಲಿ ಮೊದಲು ಹೊರಬಂದ ‘ಬರಹ’ದಲ್ಲಾಗಲಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಾಗಲಿ, ಕಕಾರದ ಕೀಲಿಯನ್ನು ಒತ್ತಿ ಬಳಿಕ ಇಕಾರದ ಕೀಲಿಯನ್ನು ಒತ್ತಿದರೆ ‘ಕಿ’ ಎಂಬ ಒಂದೇ ಅಕ್ಷರವು ಮೂಡಬೇಕು. ಎರಡನೆಯ ಕೀಲಿಯು ಮೊದಲನೆಯದರ ರೂಪವನ್ನು ಮಾರ್ಪಡಿಸುವುದು. ಎರಡು ಘಟನೆಗಳನ್ನು ಇಬ್ಬರು ಬೇರೆ ಬೇರೆ ತೆಗೆದುಕೊಂಡು, ಹಿಂದಿನದು ಮುಂದಾದರೆ ಅಕ್ಷರವೇ ಕೆಡುವುದು. ಆದಕಾರಣ ಸಾಲು ಒಂದೇ, ಅದರ ಬಾಗಿಲಲ್ಲಿ ನಿಂತವರೂ ಒಬ್ಬರೇ.

ಆದರೆ ಒಬ್ಬರೇ ಇರುವುದರಿಂದ ಒಂದು ಅಪಾಯವೂ ಉಂಟು. ಗೂಡಿನ ಲೆಕ್ಕವನ್ನು ಇಡುವ ಒಂದು ಸಣ್ಣ ತಂತ್ರಾಂಶವನ್ನು ನಾವು ರಚಿಸಿದೆವೆಂದು ಭಾವಿಸೋಣ. ಅದರಲ್ಲಿ ‘ವರ್ಷದ ವರದಿ’ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ಸಾವಿರಾರು ದಾಖಲೆಗಳನ್ನು ಓದಿ, ಕೂಡಿಸಿ, ತೋರಿಸಬೇಕು. ಅದಕ್ಕೆ ೨೦ ಸೆಕೆಂಡು ಹಿಡಿಯುವುದು. ಈ ಲೆಕ್ಕವನ್ನು ಘಟನಾಚಕ್ರವೇ ಮಾಡಲು ಕುಳಿತರೆ, ಅಷ್ಟು ಕಾಲವೂ ಅದು ಸಾಲಿನ ಬಳಿಗೆ ಬಾರದು. ಕೀಲಿಗಳು ಸಾಲಿನಲ್ಲಿಯೇ ನಿಲ್ಲುವುವು. ಕಿಟಕಿಯು ಬರೆಯಲ್ಪಡದೆ ಬಿಳುಪಾಗಿ ಉಳಿಯುವುದು. ‘ನಿಲ್ಲಿಸು’ ಎಂಬ ಗುಂಡಿಯನ್ನು ಇಟ್ಟಿದ್ದರೂ, ಅದನ್ನು ಒತ್ತಿದ ಘಟನೆಯು ಅದೇ ಸಾಲಿನಲ್ಲಿ ಕಾದಿರುವುದು. ವಿಂಡೋಸ್ ಎಂಬ ಕಾರ್ಯವ್ಯವಸ್ಥೆಯು, ಕಿಟಕಿಯೊಂದು ಸುಮಾರು ೫ ಸೆಕೆಂಡು ತನ್ನ ಸಂದೇಶಗಳನ್ನು ತೆಗೆದುಕೊಳ್ಳದಿದ್ದರೆ, ಅದು ಪ್ರತಿಕ್ರಿಯಿಸುತ್ತಿಲ್ಲವೆಂದು ಎಣಿಸಿ ಅದರ ಸ್ಥಳದಲ್ಲಿ ಅದರದೇ ರೂಪದ ಛಾಯಾಕಿಟಕಿಯನ್ನು ನಿಲ್ಲಿಸುವುದು. ಮೊದಲು ಹೇಳಿದ ಮಬ್ಬು ಇದೇ.

ಮನುಷ್ಯನ ತಾಳ್ಮೆಗೂ ಒಂದು ಅಳತೆಯುಂಟು. ರಾಬರ್ಟ್ ಮಿಲ್ಲರ್ ಎಂಬವರು ೧೯೬೮ರಲ್ಲಿ ಇದನ್ನು ಕುರಿತು ಬರೆದರು. ಜೇಕಬ್ ನೀಲ್ಸನ್ ಎಂಬವರು ೧೯೯೩ರಲ್ಲಿ ಅದನ್ನು ಮೂರು ಅಂಕಿಗಳಲ್ಲಿ ಪ್ರಚಾರಪಡಿಸಿದರು. ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಉತ್ತರ ಬಂದರೆ ತಕ್ಷಣವೇ ಆಯಿತೆಂದು ತೋರುವುದು. ೧ ಸೆಕೆಂಡಿನವರೆಗೆ ಯೋಚನೆಯ ಧಾರೆಯು ತುಂಡಾಗದು. ೧೦ ಸೆಕೆಂಡು ಮೀರಿದರೆ ಮನಸ್ಸು ಬೇರೆ ಕಡೆಗೆ ಹೋಗುವುದು. ನಮ್ಮ ವರದಿಯು ೨೦ ಸೆಕೆಂಡು ಮೌನವಾಗಿದ್ದರೆ ಏನಾಗುವುದೆಂಬುದನ್ನು ಇದರಿಂದ ಊಹಿಸಬಹುದು.

ಬೇರೆ ಕೈಯನ್ನು ನೇಮಿಸುವುದು

೧೯೯೨ರ ವಿಂಡೋಸ್ ೩.೧ರಲ್ಲಿ ತಂತ್ರಾಂಶಗಳು ತಾವಾಗಿಯೇ ಸರದಿಯನ್ನು ಒಂದಕ್ಕೊಂದು ಬಿಟ್ಟುಕೊಡಬೇಕಾಗಿತ್ತು; ಒಂದು ಬಿಟ್ಟುಕೊಡದಿದ್ದರೆ ಉಳಿದವೂ ಕಾಯಬೇಕಾಗುತ್ತಿತ್ತು. ೧೯೯೫ರ ವಿಂಡೋಸ್ ೯೫ರಲ್ಲಿ, ಹೊಸ ಬಗೆಯ ತಂತ್ರಾಂಶಗಳ ಮಟ್ಟಿಗೆ, ಕಾರ್ಯವ್ಯವಸ್ಥೆಯೇ ಕಾಲವನ್ನು ತುಂಡುಮಾಡಿ ಹಂಚತೊಡಗಿತು. ಇದರಿಂದ ನೆರೆಯವರ ಕಾಟವು ತಪ್ಪಿತು. ಆದರೆ ತನ್ನ ಮನೆಯೊಳಗಣ ತೊಡಕು ತಪ್ಪಲಿಲ್ಲ. ಒಂದು ತಂತ್ರಾಂಶದ ಒಳಗೆ ಕಾಯುವವರೂ ದುಡಿಯುವವರೂ ಒಬ್ಬರೇ ಆಗಿದ್ದರೆ, ಅದರ ಕಿಟಕಿಯು ಇಂದಿಗೂ ಹಾಗೆಯೇ ಹೆಪ್ಪುಗಟ್ಟಿ ನಿಲ್ಲುವುದು.

ಇದಕ್ಕೆ ಪರಿಹಾರವಾಗಿರುವುದೇ ಥ್ರೆಡ್ಡು. ಥ್ರೆಡ್ಡೆಂದರೆ ನೂಲೆಂದು ಅರ್ಥವಾದರೂ, ನಮ್ಮ ದೃಷ್ಟಾಂತದಲ್ಲಿ ಅದು ನೂಲಿಗೆ ಸಮಾನವಲ್ಲ, ಕೆಲಸಗಾರರಿಗೆ ಸಮಾನವೆಂದು ತಿಳಿಯತಕ್ಕದ್ದು. ಒಂದೇ ತಂತ್ರಾಂಶದೊಳಗೆ, ಒಂದೇ ಸಾಮಗ್ರಿಯನ್ನು ಹಂಚಿಕೊಂಡು, ತನ್ನ ಪಾಡಿಗೆ ತಾನು ನಡೆಯುವ ಕೆಲಸದ ಓಟವೇ ಥ್ರೆಡ್ಡು. ಘಟನಾಚಕ್ರವು ನಡೆಯುವುದು ಮುಖ್ಯ ಥ್ರೆಡ್ಡಿನಲ್ಲಿ. ವರದಿಯ ಲೆಕ್ಕವು ನಡೆಯಬೇಕಾದುದು ಹಿನ್ನೆಲೆಯ ಥ್ರೆಡ್ಡಿನಲ್ಲಿ. ಗುಂಡಿಯನ್ನು ಒತ್ತಿದಾಗ ಮುಖ್ಯ ಥ್ರೆಡ್ಡು ಲೆಕ್ಕವನ್ನು ಹಿನ್ನೆಲೆಯವರಿಗೆ ಒಪ್ಪಿಸಿ, ‘ವರದಿ ಸಿದ್ಧವಾಗುತ್ತಿದೆ’ ಎಂದು ಪರದೆಯ ಮೇಲೆ ಬರೆದು, ಕೂಡಲೆ ಸಾಲಿನ ಬಳಿಗೆ ಹಿಂದಿರುಗುವುದು. ಬಹುಕಾಲ ಹಿಡಿಯುವ ಯಾವ ಕೆಲಸವನ್ನೂ ಘಟನಾಚಕ್ರದ ಮೇಲೆ ಹೊರಿಸಬಾರದೆಂಬುದು ಮೊದಲನೆಯ ನಿಯಮ.

ಕೈಯಾಡಿಸಬಾರದ ಸ್ಥಳ

ಇಷ್ಟರಿಂದಲೇ ಪಾಠವು ಮುಗಿದಿದ್ದರೆ ಎಷ್ಟು ಸುಲಭವಾಗಿರುತ್ತಿತ್ತು! ಹೊಸಬರು ಹೆಚ್ಚಾಗಿ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿಯೇ. ಲೆಕ್ಕವನ್ನು ಮುಗಿಸಿದ ಹಿನ್ನೆಲೆಯ ಥ್ರೆಡ್ಡು ತಾನೇ ಹೋಗಿ ಕಿಟಕಿಯ ಮೇಲೆ ಉತ್ತರವನ್ನು ಬರೆದುಬಿಟ್ಟರೆ ಏನು ತಪ್ಪು?

ಒಂದು ಜಮಾಖರ್ಚಿನ ಪುಸ್ತಕದ ಮುಂದೆ ಇಬ್ಬರು ಗುಮಾಸ್ತರಿರುವರೆಂದು ಎಣಿಸಿರಿ. ಪುಸ್ತಕದಲ್ಲಿರುವ ಶಿಲ್ಕು ೫೦೦ ರೂಪಾಯಿ. ಒಬ್ಬರು ೨೦೦ನ್ನೂ ಮತ್ತೊಬ್ಬರು ೩೦೦ನ್ನೂ ಜಮಾ ಮಾಡಬೇಕು. ಇಬ್ಬರೂ ಒಂದೇ ವೇಳೆಗೆ ೫೦೦ ಎಂದು ಓದಿಕೊಂಡರು. ಮೊದಲನೆಯವರು ೭೦೦ ಎಂದು ಬರೆದರು. ಎರಡನೆಯವರು ಅದನ್ನು ಹೊಡೆದು ೮೦೦ ಎಂದು ಬರೆದರು. ೧೦೦೦ ಇರಬೇಕಾದ ಸ್ಥಳದಲ್ಲಿ ೮೦೦ ಉಳಿಯಿತು. ಇಬ್ಬರ ಲೆಕ್ಕವೂ ಸರಿ. ಪುಸ್ತಕ ಮಾತ್ರ ತಪ್ಪು. ಇದಕ್ಕಿಂತಲೂ ಕೆಟ್ಟದ್ದೇನೆಂದರೆ, ಇಂಥ ತಪ್ಪು ಪ್ರತಿದಿನವೂ ಆಗದು. ನೂರು ಸಲ ಸರಿಯಾಗಿ ನಡೆದು, ನೂರೊಂದನೆಯ ಸಲ, ಅದೂ ಬೇರೊಬ್ಬರ ಯಂತ್ರದಲ್ಲಿ, ತಲೆಯೆತ್ತುವುದು. ಕಿಟಕಿಯೂ ಇಂಥ ಪುಸ್ತಕವೇ. ಅದರ ಅಳತೆ, ಬಣ್ಣ, ಅಕ್ಷರ, ಪಟ್ಟಿಗಳ ವಿವರಗಳೆಲ್ಲವೂ ಘಟನಾಚಕ್ರದ ಕೈಯಲ್ಲಿರುವಾಗ ಮತ್ತೊಂದು ಕೈ ನಡುವೆ ಬಂದರೆ, ಒಮ್ಮೆ ಅರ್ಧ ಬರೆದ ಪಟ್ಟಿ ಕಾಣುವುದು, ಒಮ್ಮೆ ತಂತ್ರಾಂಶವೇ ಕುಸಿದು ಬೀಳುವುದು.

ಪುಸ್ತಕಕ್ಕೆ ಬೀಗ ಹಾಕಿ, ಬೀಗದ ಕೈಯಿದ್ದವರು ಮಾತ್ರ ಬರೆಯಲಿ ಎನ್ನಬಹುದಲ್ಲವೇ? ಬೀಗವೆಂಬ ಉಪಾಯವು ನಿಜವಾಗಿಯೂ ಉಂಟು, ಅನೇಕ ಕಡೆ ಅದು ಅವಶ್ಯವೂ ಹೌದು. ಆದರೆ ಎರಡು ಬೀಗಗಳಿದ್ದು, ಒಬ್ಬರು ಮೊದಲನೆಯದನ್ನು ಹಿಡಿದು ಎರಡನೆಯದಕ್ಕೂ, ಮತ್ತೊಬ್ಬರು ಎರಡನೆಯದನ್ನು ಹಿಡಿದು ಮೊದಲನೆಯದಕ್ಕೂ ಕಾದರೆ, ಇಬ್ಬರೂ ಎಂದೆಂದಿಗೂ ಕಾಯುತ್ತಲೇ ಇರುವರು. ಕಿಟಕಿಗಳ ವಿಷಯದಲ್ಲಿ ಈ ತೊಡಕು ಸಹಜವಾಗಿಯೇ ಬರುವುದು. ಯಾಕಂದರೆ ಘಟನೆಗಳು ಕಾರ್ಯವ್ಯವಸ್ಥೆಯ ಕಡೆಯಿಂದ ತಂತ್ರಾಂಶದ ಕಡೆಗೆ ಬರುವುವು, ಅಪ್ಪಣೆಗಳು ತಂತ್ರಾಂಶದ ಕಡೆಯಿಂದ ಕಾರ್ಯವ್ಯವಸ್ಥೆಯ ಕಡೆಗೆ ಹೋಗುವುವು. ಎರಡು ದಾರಿಗಳಲ್ಲಿಯೂ ಬೀಗಗಳು ಹಿಂದುಮುಂದಾಗಿ ಸಿಕ್ಕುವುವು. ಜಾವಾ ಭಾಷೆಯ ನಿರ್ಮಾಣದಲ್ಲಿ ದುಡಿದ ಗ್ರಹಾಂ ಹ್ಯಾಮಿಲ್ಟನ್ ಎಂಬವರು ೨೦೦೪ರಲ್ಲಿ ಈ ವಿಷಯವನ್ನು ಬರೆದು, ಎಲ್ಲಾ ಥ್ರೆಡ್ಡುಗಳೂ ಮುಟ್ಟಬಹುದಾದ ಕಿಟಕಿಸಾಮಗ್ರಿಯನ್ನು ನಿರ್ಮಿಸುವುದು ಈಡೇರದ ಕನಸಲ್ಲವೇ ಎಂದು ಕೇಳಿದರು. ಜಾವಾದ ಸ್ವಿಂಗ್, ಕ್ಯೂಟಿ, ಆಪಲ್ಲಿನ ಆಪ್‌ಕಿಟ್ ಮುಂತಾದವು, ಕೆಲವು ಗೊತ್ತಾದ ವಿನಾಯಿತಿಗಳನ್ನು ಬಿಟ್ಟರೆ, ಕಿಟಕಿಯನ್ನು ಮುಟ್ಟತಕ್ಕದ್ದು ಒಂದೇ ಥ್ರೆಡ್ಡೆಂದು ವಿಧಿಸಿವೆ. ಇದು ಎರಡನೆಯ ನಿಯಮ.

ಒಪ್ಪಿಸುವ ಸ್ಥಳ

ಹಾಗಾದರೆ ಉತ್ತರವು ಕಿಟಕಿಗೆ ಸೇರುವುದು ಹೇಗೆ? ಬೆಂದ ಗೂಡನ್ನು ಬಿಚ್ಚುವವರ ಬಳಿಯಲ್ಲಿ ಇಟ್ಟುಹೋಗುವಂತೆ, ಹಿನ್ನೆಲೆಯ ಥ್ರೆಡ್ಡು ತನ್ನ ಉತ್ತರವನ್ನು ಒಂದು ಸಾಲಿನಲ್ಲಿ ಇಟ್ಟುಹೋಗಬೇಕು. ಮುಖ್ಯ ಥ್ರೆಡ್ಡು ತನ್ನ ಸುತ್ತಿನಲ್ಲಿ ಅದನ್ನು ತೆಗೆದುಕೊಂಡು ತಾನೇ ಕಿಟಕಿಯ ಮೇಲೆ ಬರೆಯಬೇಕು. ಪೈಥಾನಿನ ಟಿಕಿಂಟರ್‌ನಲ್ಲಿ ಇದಕ್ಕಾಗಿ ಕ್ಯೂ ಎಂಬ ಸುರಕ್ಷಿತ ಸಾಲುಂಟು. ಆಫ್ಟರ್ ಎಂಬ ಅಪ್ಪಣೆಯಿಂದ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೊಮ್ಮೆ ಆ ಸಾಲನ್ನು ನೋಡುವಂತೆ ಘಟನಾಚಕ್ರಕ್ಕೆ ತಿಳಿಸಬಹುದು. ಕ್ಯೂಟಿಯಲ್ಲಿ ಒಂದು ಥ್ರೆಡ್ಡಿನಿಂದ ಹೊರಟ ಸಂಕೇತವು, ಸಾಮಾನ್ಯವಾದ ಏರ್ಪಾಡಿನಲ್ಲಿ, ಮತ್ತೊಂದು ಥ್ರೆಡ್ಡಿನ ಘಟನಾಚಕ್ರದ ಸಾಲಿಗೆ ತಾನಾಗಿಯೇ ಸೇರುವುದು. ಜಾವಾದಲ್ಲಿ ೨೦೦೬ರ ಆರನೆಯ ಆವೃತ್ತಿಯಿಂದ ಸ್ವಿಂಗ್‌ವರ್ಕರ್ ಎಂಬ ಸಿದ್ಧ ಸಾಧನವು ಸೇರಿದೆ. ಹೆಸರುಗಳು ಬೇರೆಯಾದರೂ ತತ್ತ್ವವು ಒಂದೇ.

ಇಲ್ಲಿ ಮೂರು ಎಚ್ಚರಿಕೆಗಳನ್ನು ಹೇಳಬೇಕಾಗಿದೆ. ಒಪ್ಪಿಸತಕ್ಕದ್ದು ಪೂರ್ಣವಾದ ವಸ್ತುವಾಗಿರಬೇಕು. ಒಪ್ಪಿಸಿದ ಮೇಲೆ ಅದನ್ನು ಪುನಃ ತಿದ್ದಬಾರದು. ಇದು ಮೊದಲನೆಯದು. ‘ಇಷ್ಟು ಮುಗಿಯಿತು’ ಎಂಬ ಸುದ್ದಿಯನ್ನು ದಾಖಲೆಗೊಂದರಂತೆ ಸಾವಿರಾರು ಸಲ ಕಳುಹಿಸಿದರೆ, ಆ ಸುದ್ದಿಗಳ ಭಾರದಿಂದಲೇ ಘಟನಾಚಕ್ರವು ಉಸಿರುಗಟ್ಟುವುದು. ಸೆಕೆಂಡಿಗೆ ಹತ್ತು ಸಲ ತಿಳಿಸಿದರೆ ಕಣ್ಣಿಗೆ ಸಾಕು. ಇದು ಎರಡನೆಯದು. ಹಿನ್ನೆಲೆಯಲ್ಲಿ ದೋಷವುಂಟಾಗಿ ಥ್ರೆಡ್ಡು ನಿಂತರೆ ಕಿಟಕಿಗೆ ಅದು ತಾನಾಗಿ ತಿಳಿಯದು. ‘ಸಿದ್ಧವಾಗುತ್ತಿದೆ’ ಎಂಬ ಬರಹವು ಸಾಯಂಕಾಲದವರೆಗೂ ಹಾಗೆಯೇ ಇರುವುದು. ಆದಕಾರಣ ಫಲವನ್ನು ಕಳುಹಿಸುವ ದಾರಿಯಲ್ಲಿಯೇ ವಿಫಲವಾದ ಸುದ್ದಿಯನ್ನೂ ಕಳುಹಿಸತಕ್ಕದ್ದು. ಇದು ಮೂರನೆಯದು.

ನಿಲ್ಲಿಸುವ ಕ್ರಮ

ಕೆಲಸವನ್ನು ಪ್ರಾರಂಭಿಸುವುದಕ್ಕಿಂತ ಅದನ್ನು ಕ್ರಮವಾಗಿ ನಿಲ್ಲಿಸುವುದು ಕಷ್ಟ. ಉಪಯೋಗಿಸುವವರು ‘ಬೇಡ’ ಎಂದರೆ, ಅಥವಾ ಕಿಟಕಿಯನ್ನೇ ಮುಚ್ಚಿದರೆ, ಹಿನ್ನೆಲೆಯ ಥ್ರೆಡ್ಡನ್ನು ಏನು ಮಾಡತಕ್ಕದ್ದು? ಅದನ್ನು ಕತ್ತುಹಿಡಿದು ನಿಲ್ಲಿಸುವುದು ಸುಲಭವೆಂದು ತೋರುವುದು. ಆದರೆ ಅದರ ಕೈಯಲ್ಲಿ ಬೀಗವಿದ್ದರೆ, ಅರ್ಧ ಬರೆದ ಕಡತವಿದ್ದರೆ, ಅವುಗಳ ಗತಿಯೇನು? ಈ ಕಾರಣದಿಂದಲೇ ಜಾವಾದಲ್ಲಿ ಥ್ರೆಡ್ಡನ್ನು ಬಲಾತ್ಕಾರವಾಗಿ ನಿಲ್ಲಿಸುವ ಅಪ್ಪಣೆಯನ್ನು ಉಪಯೋಗಿಸಬಾರದೆಂದು ೧೯೯೮ರ ಆವೃತ್ತಿಯಲ್ಲಿಯೇ ಸೂಚಿಸಿದರು.

ಉತ್ತಮವಾದ ಕ್ರಮವು ಹೀಗಿದೆ. ಮುಖ್ಯ ಥ್ರೆಡ್ಡು ಒಂದು ಬಾವುಟವನ್ನು ಏರಿಸುವುದು. ಹಿನ್ನೆಲೆಯ ಥ್ರೆಡ್ಡು ಪ್ರತಿ ನೂರು ದಾಖಲೆಗಳಿಗೊಮ್ಮೆ ತಲೆಯೆತ್ತಿ ಬಾವುಟವನ್ನು ನೋಡುವುದು. ಏರಿದ್ದರೆ ಕೈಯಲ್ಲಿದ್ದುದನ್ನು ಒಪ್ಪವಾಗಿ ಮುಚ್ಚಿಟ್ಟು ತಾನೇ ಹೊರಬರುವುದು. ಕಡತವನ್ನು ಬರೆಯುವುದಾದರೆ ಮೊದಲು ಬೇರೊಂದು ಹೆಸರಿನಲ್ಲಿ ಪೂರ್ತಿಯಾಗಿ ಬರೆದು, ಬಳಿಕ ಹಳೆಯದರ ಸ್ಥಳದಲ್ಲಿ ಇಡತಕ್ಕದ್ದು. ಹಾಗೆ ಮಾಡಿದರೆ ನಡುವೆ ನಿಂತರೂ ಹಳೆಯದು ಕೆಡದೆ ಉಳಿಯುವುದು. ಪೈಥಾನಿನಲ್ಲಿ ಡೀಮನ್ ಎಂದು ಗುರುತಿಸಿದ ಥ್ರೆಡ್ಡುಗಳು ತಂತ್ರಾಂಶವು ಮುಗಿಯುವಾಗ ತಟ್ಟನೆ ನಿಂತುಹೋಗುವುವು. ಆದಕಾರಣ ಕಡತ ಬರೆಯುವ ಕೆಲಸವನ್ನು ಅವುಗಳಿಗೆ ಒಪ್ಪಿಸಬಾರದು.

ಇನ್ನೊಂದು ಸೂಕ್ಷ್ಮವುಂಟು. ಒಬ್ಬರು ಮೊದಲು ಶಿಡ್ಲಘಟ್ಟದ ವರದಿಯನ್ನು ಕೇಳಿ, ಅದು ಬರುವುದರೊಳಗೆ ಚಿಂತಾಮಣಿಯದನ್ನು ಕೇಳಿದರೆನ್ನೋಣ. ಎರಡನೆಯದು ಬೇಗ ಮುಗಿದು, ಮೊದಲನೆಯದು ತಡವಾಗಿ ಬಂದು ಅದರ ಮೇಲೆ ಕುಳಿತರೆ, ಚಿಂತಾಮಣಿಯ ಹೆಸರಿನ ಕೆಳಗೆ ಶಿಡ್ಲಘಟ್ಟದ ಅಂಕಿಗಳು ಕಾಣುವುವು. ಆದಕಾರಣ ಪ್ರತಿಯೊಂದು ಕೋರಿಕೆಗೂ ಕ್ರಮಸಂಖ್ಯೆಯನ್ನು ಕೊಟ್ಟು, ಈಚಿನ ಸಂಖ್ಯೆಯದಲ್ಲದ ಉತ್ತರವನ್ನು ಬದಿಗಿಡಬೇಕು. ಇಲ್ಲವೆ ಒಂದು ಮುಗಿಯುವವರೆಗೆ ಗುಂಡಿಯನ್ನು ನಿಷ್ಕ್ರಿಯವಾಗಿ ಇಡಬೇಕು.

ಎಲ್ಲಕ್ಕೂ ಥ್ರೆಡ್ಡೇ ಮದ್ದೆಂದು ಮಾತ್ರ ತಿಳಿಯಬಾರದು. ಸಣ್ಣ ಕೆಲಸವನ್ನು ತುಂಡುಮಾಡಿ, ಒಂದೊಂದು ತುಂಡನ್ನು ಘಟನಾಚಕ್ರದ ಬಿಡುವಿನಲ್ಲಿ ಮುಗಿಸಿದರೆ ಸಾಕಾಗುವುದು. ಪೈಥಾನಿನ ರೂಢಿಯ ಆವೃತ್ತಿಯಲ್ಲಿ ಒಂದು ಸಮಗ್ರವಾದ ಬೀಗವಿದ್ದು, ಒಂದು ಕ್ಷಣದಲ್ಲಿ ಒಂದೇ ಥ್ರೆಡ್ಡು ಭಾಷೆಯ ಅಪ್ಪಣೆಗಳನ್ನು ನಡೆಸಬಲ್ಲುದು. ಜಾಲದಿಂದ ಉತ್ತರವು ಬರಲೆಂದು ಕಾಯುವಂಥ ಕೆಲಸಕ್ಕೆ ಇದರಿಂದ ಬಾಧಕವಿಲ್ಲ. ಆದರೆ ಎಡೆಬಿಡದ ಗಣಿತಕ್ಕೆ ಥ್ರೆಡ್ಡಿಗಿಂತ ಬೇರೆಯ ಪ್ರಕ್ರಿಯೆಯೇ ಉತ್ತಮ. ೨೦೨೪ರ ೩.೧೩ನೆಯ ಆವೃತ್ತಿಯಲ್ಲಿ ಆ ಬೀಗವಿಲ್ಲದ ಒಂದು ರೂಪವನ್ನು ಪ್ರಯೋಗಾರ್ಥವಾಗಿ ಹೊರತಂದರು.

ಯಾರಿಗಾಗಿ ಈ ಶ್ರಮ?

ಇಪ್ಪತ್ತು ಸೆಕೆಂಡಿನ ಮೌನಕ್ಕಾಗಿ ಇಷ್ಟೊಂದು ಶ್ರಮವೇಕೆಂದು ಕೇಳುವವರಿರಬಹುದು. ಈಗ ಗೂಡಿನ ಸರ್ಕಾರಿ ಮಾರುಕಟ್ಟೆಯ ಹರಾಜೂ ಗಣಕದ ಮೂಲಕ ನಡೆಯುವುದು. ಪಹಣಿಯೂ ಗಣಕದಿಂದಲೇ ಬರುವುದು. ಕಿಂಡಿಯ ಈಚೆಗೆ, ಬಸ್ಸಿನಲ್ಲಿ ಬಂದು, ಹೊತ್ತಿಗೆ ಮುಂಚೆ ಊರು ಸೇರಬೇಕೆಂದಿರುವ ರೈತನು ನಿಂತಿರುವನು. ಆಚೆಗೆ ಒಬ್ಬ ಗುಮಾಸ್ತೆಯು ಕುಳಿತಿರುವಳು. ಪರದೆಯು ಹೆಪ್ಪುಗಟ್ಟಿದರೆ ಅವಳಿಗೆ ಉಳಿಯುವ ದಾರಿ ಎರಡೇ: ಸುಮ್ಮನೆ ಕಾಯುವುದು, ಇಲ್ಲವೆ ಎಲ್ಲವನ್ನೂ ಆರಿಸಿ ಮೊದಲಿನಿಂದ ಬರೆಯುವುದು. ಯಾವುದನ್ನು ಮಾಡಿದರೂ ಮಾತು ಕೇಳಬೇಕಾದವಳು ಅವಳೇ. ತಂತ್ರಾಂಶವನ್ನು ರಚಿಸಿದವರು ಅಲ್ಲಿರುವುದಿಲ್ಲ. ‘ನೂರರಲ್ಲಿ ನಲವತ್ತು ಮುಗಿಯಿತು’ ಎಂಬ ಒಂದು ಸಾಲು ಪರದೆಯ ಮೇಲಿದ್ದರೆ ಕೆಲಸವು ಬೇಗನಾಗದಿದ್ದರೂ, ಕಿಂಡಿಯ ಎರಡು ಕಡೆಯವರೂ ನಿಶ್ಚಿಂತೆಯಿಂದ ಕಾಯಬಲ್ಲರು. ಮುಂದೆ ಇಂಥ ತಂತ್ರಾಂಶಗಳನ್ನು ರಚಿಸಲಿರುವ ವಿದ್ಯಾರ್ಥಿನಿಯರು ಈ ಇಬ್ಬರನ್ನೂ ಕಣ್ಣಮುಂದೆ ಇಟ್ಟುಕೊಂಡು ಬರೆಯಬೇಕೆಂದು ನಾವು ಬಯಸುವೆವು.

ಅಭ್ಯಾಸ

೧. ಟಿಕಿಂಟರ್‌ನಿಂದ ಒಂದು ಕಿಟಕಿಯನ್ನು ರಚಿಸಿ, ಸೆಕೆಂಡಿಗೊಮ್ಮೆ ಬದಲಾಗುವ ಗಡಿಯಾರದ ಅಂಕಿಗಳನ್ನು ಆಫ್ಟರ್ ಅಪ್ಪಣೆಯಿಂದ ಅದರಲ್ಲಿ ತೋರಿಸಿರಿ. ಒಂದು ಗುಂಡಿಯನ್ನಿಟ್ಟು, ಒತ್ತಿದರೆ ೧೦ ಸೆಕೆಂಡು ನಿದ್ರಿಸುವಂತೆ ಬರೆಯಿರಿ. ಗುಂಡಿಯನ್ನು ಒತ್ತಿದಾಗ ಗಡಿಯಾರವು ಏನಾಗುವುದು?

೨. ಅದೇ ನಿದ್ರೆಯನ್ನು ಹಿನ್ನೆಲೆಯ ಥ್ರೆಡ್ಡಿಗೆ ಒಪ್ಪಿಸಿ, ಮುಗಿದ ಸುದ್ದಿಯನ್ನು ಕ್ಯೂವಿನ ಮೂಲಕ ತರಿಸಿರಿ. ಈಗ ಗಡಿಯಾರವು ಏನಾಗುವುದು?

೩. ಹತ್ತು ಸೆಕೆಂಡಿನ ನಿದ್ರೆಯನ್ನು ನೂರು ತುಂಡುಗಳಾಗಿ ಮಾಡಿ, ‘ನಿಲ್ಲಿಸು’ ಎಂಬ ಗುಂಡಿಯನ್ನೂ ಬಾವುಟವನ್ನೂ ಸೇರಿಸಿರಿ. ಒತ್ತಿದ ಎಷ್ಟು ಹೊತ್ತಿಗೆ ಥ್ರೆಡ್ಡು ಹೊರಬರುವುದೆಂಬುದನ್ನು ಅಳೆಯಿರಿ. ತುಂಡುಗಳನ್ನು ದೊಡ್ಡದು ಮಾಡಿದರೆ ಅದು ಏಕೆ ತಡವಾಗುವುದೆಂಬುದಕ್ಕೆ ಕಾರಣವನ್ನು ಬರೆಯಿರಿ.